ಮೂಡಣ ಮುಖದ ದೋಣಿ

ಹೊನ್ನಾವರದಲ್ಲಿ ದೋಣಿ ಹತ್ತುವವರು ಮೊದಲು ನೋಡಬೇಕಾದದ್ದು ಅದರ ಮುಖ ಯಾವ ಕಡೆಗಿದೆ ಎಂಬುದನ್ನು. ಪಡುವಣಕ್ಕಿದ್ದರೆ ಅಳಿವೆ, ಸೂರ್ಯಾಸ್ತ, ನಾಲ್ಕು ಫೋಟೊ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಮೂಡಣಕ್ಕಿದ್ದರೆ ಶರಾವತಿ. ಕರಾವಳಿಯ ನದಿಯನ್ನು ಸಮುದ್ರದ ಕಡೆಯಿಂದ ಏರುತ್ತಲೇ ನೋಡಬೇಕು ಎಂಬ ನನ್ನ ಹಟ ಈ ಅಂಕಣದ ಓದುಗರಿಗೆ ಹೊಸದಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ ಮೂರರ ವಿಷಯದಲ್ಲೂ ಅದನ್ನೇ ಹೇಳುತ್ತ ಬಂದಿದ್ದೇನೆ. ಈ ವಾರ ಶರಾವತಿಯ ಸರದಿ. ಯಾವ ಹೊತ್ತಿಗೆ ಹೋಗಬೇಕು, ಎಷ್ಟು ದೂರ ಹೋಗಬೇಕು ಎಂದು ಕೇಳಿದವರಿಗೆ ಇಲ್ಲಿ ಉತ್ತರವಿದೆ.

ಹೊತ್ತು ಎಂದರೆ ಉಬ್ಬರದ ಹೊತ್ತು. ಅಳಿವೆಯಿಂದ ಮೇಲಕ್ಕೆ ಬಹುದೂರದವರೆಗೆ ಈ ನದಿಗೆ ಇಳಿಜಾರೇ ಇಲ್ಲ ಎನ್ನಬಹುದು. ಕಡಲು ಏರಿದಾಗ ನೀರು ಹಿಂದಕ್ಕೆ ಸರಿಯುತ್ತದೆ, ಇಳಿದಾಗ ಮುಂದಕ್ಕೆ ಓಡುತ್ತದೆ. ಎಂಜಿನ್ ಇಲ್ಲದ ಕಾಲದ ದೋಣಿಗಳು ಉಬ್ಬರ ಹಿಡಿದು ಮೇಲೆ ಹೋಗಿ, ಇಳಿತ ಹಿಡಿದು ಕೆಳಗೆ ಬರುತ್ತಿದ್ದವು. ಇಂದಿನ ಯಂತ್ರದ ದೋಣಿಗೆ ಆ ಹಂಗಿಲ್ಲ, ಆದರೂ ಉಬ್ಬರಕ್ಕೆ ಕಾಯಿರಿ. ಇಳಿತದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಾಲುವೆಗಳು ಕೆಸರಾಗಿ ದೋಣಿ ಒಳಗೆ ನುಗ್ಗುವುದಿಲ್ಲ. ನೀರು ತುಂಬಿದಾಗ ಮಾತ್ರ ಕೊಂಬೆಗಳ ಕೆಳಗೆ ತಲೆ ಬಗ್ಗಿಸಿಕೊಂಡು ಸಾಗಬಹುದು.

ಅಲ್ಲಿ ಎಂಜಿನ್ ನಿಲ್ಲಿಸಲು ಹೇಳಿ. ಕಾಂಡ್ಲಾದ ಕಾಯಿ ಮರದಲ್ಲೇ ಮೊಳೆಯುತ್ತದೆ. ಗೇಣುದ್ದದ, ಕೆಲವೊಮ್ಮೆ ಮೊಳದುದ್ದದ ಹಸಿರು ಮೊಳಕೆ ತಾಯಿಮರದಿಂದ ತೂಗಿಕೊಂಡಿರುತ್ತದೆ, ತುದಿ ಚೂಪು. ಇಳಿತದಲ್ಲಿ ಬಿದ್ದರೆ ಕೆಸರಿನಲ್ಲಿ ನೆಟ್ಟಗೆ ನಾಟಿಕೊಳ್ಳಬಹುದು. ಉಬ್ಬರದಲ್ಲಿ ಬಿದ್ದರೆ ತೇಲುತ್ತ ಹೋಗಿ ಇನ್ಯಾವುದೋ ಕುರ್ವೆಯ, ಅಂದರೆ ನದಿಯ ನಡುಗಡ್ಡೆಯ, ದಂಡೆಯಲ್ಲಿ ಬೇರು ಬಿಡಬಹುದು. ಮರದ ಕಾಲುಬೇರುಗಳ ಮೇಲೆ ಕೆಸರಿನ ಗೆರೆ ಇರುತ್ತದೆ. ಹಿಂದಿನ ಉಬ್ಬರ ಎಲ್ಲಿಯವರೆಗೆ ಏರಿತ್ತು ಎಂಬುದು ಆ ಗೆರೆಯಲ್ಲಿ ಕಾಣುತ್ತದೆ. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಿಕೊಂಡು ಸರ್ರನೆ ಸುತ್ತು ಹೊಡೆದು ಬರುವ ದೋಣಿಗಳಲ್ಲಿ ಕೂತವರಿಗೆ ಇದು ಯಾವುದೂ ಕಾಣುವುದಿಲ್ಲ. ವೇಗದ ದೋಣಿ ಎಬ್ಬಿಸುವ ಅಲೆ ಇದೇ ಬೇರುಗಳ ಬುಡದ ಮಣ್ಣನ್ನು ಕೆರೆದೊಯ್ಯುತ್ತದೆ. ಈ ವಿಷಯದಲ್ಲಿ ನನಗೆ ರಾಜಿ ಸಾಧ್ಯವಿಲ್ಲ. ವೇಗ ಬೇಕಾದವರಿಗೆ ಪಕ್ಕದಲ್ಲೇ ಹೆದ್ದಾರಿಯಿದೆ, ಕೊಂಕಣ ರೈಲಿನ ಎರಡು ಕಿಲೋಮೀಟರ್ ಮೀರಿದ ಸೇತುವೆಯೂ ಇದೆ.

ಶರಾವತಿ ಎಂದರೆ ಜೋಗ, ಮಿಕ್ಕದ್ದು ಲೆಕ್ಕಕ್ಕಿಲ್ಲ ಎನ್ನುವವರ ಜೊತೆಗೂ ನನ್ನದು ಹಳೆಯ ಜಗಳ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ನೋಡಿ ಬೆರಗಾಗದವರು ಯಾರು? ಆದರೆ ಆ ಬೀಳು ಊರು ಕಟ್ಟಲಿಲ್ಲ, ವ್ಯಾಪಾರ ಬೆಳೆಸಲಿಲ್ಲ. ಗೇರುಸೊಪ್ಪೆಯಿಂದ ಹೊನ್ನಾವರದವರೆಗಿನ ಈ ಸಮತಟ್ಟು ನೀರಿನಿಂದಲೇ ಒಂದು ರಾಜ್ಯ ಬದುಕಿತು. ಘಟ್ಟದ ಕಾಳುಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ ಬಂದು ಹಡಗು ಸೇರುತ್ತಿತ್ತು. 16ನೇ ಶತಮಾನದಲ್ಲಿ ಇಲ್ಲಿ ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಅದಕ್ಕೇ. ಜೋಗವಾದರೂ ಈಗ ಪೂರ್ತಿ ತನ್ನ ಇಚ್ಛೆಯಂತೆ ಬೀಳುತ್ತಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ನೀರಿನ ಲೆಕ್ಕ ವಿದ್ಯುತ್ತಿನ ಲೆಕ್ಕವಾಗಿದೆ.

ಆ ಲೆಕ್ಕ ಕೆಳಗಿನ ದೋಣಿಯವರೆಗೂ ಮುಟ್ಟುತ್ತದೆ. ಬೇಸಿಗೆಯಲ್ಲಿ ಸಹಜವಾಗಿ ಬಡವಾಗಬೇಕಿದ್ದ ಹೊಳೆಗೆ ಟರ್ಬೈನ್ ತಿರುಗಿಸಿದ ಸಿಹಿನೀರು ವರ್ಷವಿಡೀ ಬರುತ್ತದೆ, ಅಳಿವೆಯ ಉಪ್ಪು ತಗ್ಗುತ್ತದೆ. ಉಪ್ಪು ಬೇಡುವ ಬಳಚು ಎಂಬ ಚಿಪ್ಪುಜೀವಿ ಇಲ್ಲಿ ಬಾಳುವುದು ಕಷ್ಟ. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬಳಚು ಆರಿಸುವವರನ್ನು ಇಂದಿಗೂ ಕಾಣಬಹುದು. ಎರಡು ಅಳಿವೆಗಳನ್ನೂ ಒಂದೇ ದಿನ ನೋಡಿದವರಿಗೆ ವ್ಯತ್ಯಾಸ ವಿವರಿಸುವ ಅಗತ್ಯವಿಲ್ಲ. ಈಗ ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಇಳಿಸಿ ಏರಿಸುವ 2,000 ಮೆಗಾವಾಟ್ ಯೋಜನೆಯ ಮಾತೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಈ ನದಿಯಿಂದ ಪಡೆದದ್ದು ಸಾಕು.

ಶರಾವತಿಯನ್ನು ಮೂಡಣಕ್ಕೆ ಏರಿದವರಲ್ಲಿ ನನಗೆ ಗುರುಸ್ಥಾನದಲ್ಲಿರುವವನು ಪಿಯೆತ್ರೊ ದೆಲ್ಲಾ ವಾಲೆ. ರೋಮಿನವನು. ಹೆಂಡತಿ ಮಾಆನಿ ಪರ್ಷಿಯಾದಲ್ಲಿ ತೀರಿಕೊಂಡಾಗ ಅಲ್ಲೇ ಮಣ್ಣು ಮಾಡಲು ಮನಸ್ಸೊಪ್ಪದೆ, ಶವಪೆಟ್ಟಿಗೆಯನ್ನು ಭಾರತಕ್ಕೆ ತಂದು, ಮತ್ತೆ ರೋಮಿಗೆ ಒಯ್ದವನು. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದ. ಆಗ ಇಲ್ಲಿಯ ಕೋಟೆ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋದ. ಹೊಳೆಯ ಚೆಲುವಿಗೆ, ಎರಡೂ ದಂಡೆಯ ಹಸಿರಿಗೆ ಮನಸೋತು ಬರೆದ. ಗೇರುಸೊಪ್ಪೆ ತಲುಪಿದಾಗ ಕಂಡದ್ದು ಹಾಳುಬಿದ್ದ ರಾಜಧಾನಿ, ಕಾಡು ನುಂಗುತ್ತಿದ್ದ ಅರಮನೆ. ಮೆಣಸಿನ ರಾಣಿಯ ಹೆಸರು ಜನರ ಬಾಯಲ್ಲಿ ಇನ್ನೂ ಇತ್ತು. ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊಗೆ ಬರೆದ ಪತ್ರಗಳಲ್ಲಿ ಇದೆಲ್ಲ ಇದೆ. 1664ರಲ್ಲಿ ಅವು ಇಂಗ್ಲಿಷಿಗೂ ಬಂದವು.

ಎಷ್ಟು ದೂರ ಹೋಗಬೇಕು ಎಂದು ಹೇಳಹೊರಟಿದ್ದೆ. ಆದರೆ ಪತ್ರ ತೆರೆದ ಮೇಲೆ ಮುಂದಿನ ಪುಟ ಬಿಡಲಾಗುವುದಿಲ್ಲ. ಗೇರುಸೊಪ್ಪೆಯಲ್ಲಿ ದೋಣಿ ಬಿಟ್ಟು ಘಟ್ಟ ಹತ್ತಿದ ತಂಡ ಹನುಮಂತನ ಗುಡಿಯ ಬಳಿ ತಂಗುತ್ತದೆ. ಹೊರೆಗಳನ್ನು ಸರಿಪಡಿಸುವಷ್ಟರಲ್ಲಿ ದೆಲ್ಲಾ ವಾಲೆ ಗುಡಿಯ ಜಗಲಿಯಲ್ಲಿ ಕೂತು ನಾಲ್ವರು ಹುಡುಗರನ್ನು ನೋಡುತ್ತಾನೆ. ಅವರು ಲೆಕ್ಕ ಕಲಿಯುತ್ತಿದ್ದಾರೆ. ಒಬ್ಬ ರಾಗವಾಗಿ ಅಂಕಿ ಹೇಳುತ್ತಾನೆ, ಹೇಳುತ್ತಲೇ ನೆಲದ ಮೇಲೆ ಹರಡಿದ ನುಣ್ಣನೆ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾನೆ. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ, ಬೇಕಾದರೆ ಹೊಸ ಮರಳು ಚೆಲ್ಲುತ್ತಾರೆ. ಕಾಗದ ಹಾಳಾಗುವ ಮಾತೇ ಇಲ್ಲ. ಮೇಷ್ಟ್ರಿಲ್ಲದೆ ಪಾಠ ಮರೆತರೆ ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ನಾಲ್ವರೂ ಒಟ್ಟಿಗೆ ಅದನ್ನೇ ಮರೆಯುವುದು ಸಾಧ್ಯವಿಲ್ಲ, ಒಬ್ಬ ಮರೆತರೆ ಇನ್ನೊಬ್ಬ ನೆನಪಿಸುತ್ತಾನೆ ಎಂದು ಹುಡುಗರು ಹೇಳುತ್ತಾರೆ. ಎಂಥ ಸುಲಭದ, ಭದ್ರವಾದ ಕಲಿಕೆ ಎಂದು ಅವನು ಮೆಚ್ಚುತ್ತಾನೆ. ಮಗ್ಗಿಯನ್ನು ರಾಗವಾಗಿ ಒಪ್ಪಿಸಿ ಬೆಳೆದ ನಮಗೆ ಆ ದನಿ ಕಿವಿಗೇ ಕೇಳಿಸುತ್ತದೆ.

ಇದು ಒಂಟಿ ಸಾಕ್ಷಿಯೂ ಅಲ್ಲ. ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲು, 14ನೇ ಶತಮಾನದಲ್ಲಿ, ಇದೇ ಅಳಿವೆಗೆ ಇಬ್ನ್ ಬತೂತ ಬಂದಿದ್ದ. ಅವನು ಹಿನಾವರ್ ಎಂದು ಕರೆದದ್ದು ಈ ಹೊನ್ನಾವರವನ್ನೇ. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆನೆಂದು ದಾಖಲಿಸಿದ. ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದ. ಒಬ್ಬ ಮೊರಾಕ್ಕೊದವನು, ಒಬ್ಬ ರೋಮಿನವನು, ಭಾಷೆ ಬೇರೆ, ಧರ್ಮ ಬೇರೆ. ಇಬ್ಬರೂ ಈ ಸೀಮೆಯಲ್ಲಿ ಕೋಟೆ ಕೊತ್ತಲ, ಮೆಣಸಿನ ಜೊತೆಗೆ ಕಲಿಯುವ ಮಕ್ಕಳನ್ನು ಗಮನಿಸಿ ಬರೆದಿಟ್ಟರು. ಒಂದು ನದಿಗೆ ಇದಕ್ಕಿಂತ ದೊಡ್ಡ ಹೆಗ್ಗಳಿಕೆ ಬೇಕೆ? ದೋಣಿ ವಿಹಾರದ ಜಾಹೀರಾತುಗಳಲ್ಲಿ ಮಾತ್ರ ಈ ಸಂಗತಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿ ಕಾಣುವುದು ‘ಕರ್ನಾಟಕದ ಕೇರಳ’ ಎಂಬ ಎರವಲು ಹೊಗಳಿಕೆ. ಸ್ವಂತ ಆಸ್ತಿ ಇಷ್ಟಿರುವ ಊರು ಪಕ್ಕದ ರಾಜ್ಯದ ಹೆಸರಿನಲ್ಲಿ ಮಾರಾಟವಾಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಈಗ ದೂರದ ಮಾತು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಕಾರ್ತಿಕದಿಂದ ಮಾಘದವರೆಗೆ, ಬೆಳಗಿನ ಹೊತ್ತಿಗೆ ಉಬ್ಬರ ಬರುವ ದಿನ ನೋಡಿ ಹೊರಡಿ. ಗೇರುಸೊಪ್ಪೆಯವರೆಗೆ ಎಲ್ಲ ದೋಣಿಯವರೂ ಒಪ್ಪುವುದಿಲ್ಲ. ದರವನ್ನೂ ಹಿಂದಿರುಗುವ ಹೊತ್ತನ್ನೂ ಮೊದಲೇ ಮಾತಾಡಿಕೊಳ್ಳಿ. ಒಪ್ಪದಿದ್ದರೆ ಮಾವಿನಕುರ್ವೆಯ ಆಚೆ ತುದಿ ದಾಟುವವರೆಗಾದರೂ ಸಾಗಿರಿ. ಕೊಟ್ಟ ಲೈಫ್ ಜಾಕೆಟ್ಟನ್ನು ಬಿಚ್ಚಬೇಡಿ. ಉಳಿದ ದಾರಿಯನ್ನು ಬಸ್ಸಿನಲ್ಲಿ ಮುಗಿಸಿ, ಗೇರುಸೊಪ್ಪೆಯಲ್ಲಿ ಹೊಳೆಯಾಚೆಯ ನಗರಬಸ್ತಿಕೇರಿಗೆ ಹೋಗಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಕಾಡಿನ ನಡುವೆ ಇನ್ನೂ ನಿಂತಿದೆ. ಪ್ರವಾಸೋದ್ಯಮದವರಲ್ಲಿ ನನ್ನ ಕೋರಿಕೆ ಒಂದೇ. ಹೊನ್ನಾವರದ ಧಕ್ಕೆಯಲ್ಲಿ ದರಪಟ್ಟಿಯ ಪಕ್ಕ ಇನ್ನೊಂದು ಫಲಕ ಹಾಕಿಸಿ. ಅದರಲ್ಲಿ ಹೆಣ್ಣುಮಕ್ಕಳ 13 ಶಾಲೆಗಳ ವಿಷಯವನ್ನೂ, ಘಟ್ಟದ ಮೇಲಿನ ಆ ನಾಲ್ವರು ಹುಡುಗರ ವಿಷಯವನ್ನೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ.