ಎರಡು ಸಲ ಬರೆದ ಮನೆತನ

ಆಸ್ಟ್ರೇಲಿಯಾದ ಕವಯಿತ್ರಿ ಜೂಡಿತ್ ರೈಟ್ ತಮ್ಮ ಮನೆತನದ ಚರಿತ್ರೆಯನ್ನು ಎರಡು ಸಲ ಬರೆದರು. 1959ರ ‘ದಿ ಜನರೇಷನ್ಸ್ ಆಫ್ ಮೆನ್’ ಕೃತಿಯನ್ನು ಓದುಗರು ತಲೆಯ ಮೇಲಿಟ್ಟು ಮೆರೆಸಿದರು. 1981ರ ‘ದಿ ಕ್ರೈ ಫಾರ್ ದ ಡೆಡ್’ಗೆ ಆ ಭಾಗ್ಯ ಸಿಗಲಿಲ್ಲ. ಈ ತೀರ್ಪು ತಿರುವುಮುರುವಾಗಿದೆ ಎಂದೇ ನನ್ನ ತಕರಾರು.

ಕಥೆ ಗೊತ್ತಿರುವುದೇ. ಇಂಗ್ಲೆಂಡಿನ ವಿಲ್ಟ್‌ಶೈರ್‌ನಿಂದ 1827ರಲ್ಲಿ ಬಂದ ಪೂರ್ವಜ ಜಾರ್ಜ್ ವಿಂಡಮ್ ಹಂಟರ್ ಕಣಿವೆಯ ಡಾಲ್‌ವುಡ್‌ನಲ್ಲಿ ನೆಲೆನಿಂತು ದ್ರಾಕ್ಷಿ ಬೆಳೆದ. ಮುಂದಿನ ತಲೆಮಾರುಗಳು ಕ್ವೀನ್ಸ್‌ಲ್ಯಾಂಡಿನ ಒಳನಾಡಿಗೂ ಹಬ್ಬಿದವು. ಲೇಖಕಿಯ ಅಜ್ಜ ಆಲ್ಬರ್ಟ್ ರೈಟ್ ಅಲ್ಲಿ ದನಗಳ ಕಾವಲು ಕಟ್ಟಲು ಹೋಗಿ ಸವೆದು, 1890ರಲ್ಲಿ ತೀರಿಕೊಂಡ. ಅಜ್ಜಿ ಮೇ ಎದೆಗುಂದದೆ ಆಸ್ತಿಯನ್ನು ಉಳಿಸಿ ಬೆಳೆಸಿದಳು. ಈ ಅಜ್ಜಿಯ ಚಿತ್ರ ಮೊದಲ ಪುಸ್ತಕದಲ್ಲಿ ಜೀವಂತವಾಗಿದೆ, ಒಪ್ಪಿದೆ. ಆದರೆ ಅದೇ ಪುಸ್ತಕದ ಅತಿ ಮೆಚ್ಚುಗೆ ಪಡೆದ ಪ್ರಸಂಗವೇ ನನಗೆ ಮುಳ್ಳಾಗಿ ಚುಚ್ಚುತ್ತದೆ.

ಆಲ್ಬರ್ಟ್‌ನ ಕಣ್ಣಿಗೆ ಮೂಲನಿವಾಸಿ ಯೋಧನೊಬ್ಬ ಬಿದ್ದು ಮಾಯವಾಗುತ್ತಾನೆ. ಅದು ಸತ್ತವನ ರೂಪ. ಆಮೇಲೆ ಆಲ್ಬರ್ಟ್ ಯೋಚನೆಗೆ ಬೀಳುತ್ತಾನೆ: ಬಿಳಿಯರು ತಮ್ಮೊಳಗೆ ಕೀವುಗಟ್ಟಿದ ಅಪರಾಧಪ್ರಜ್ಞೆಯನ್ನು ಗುರುತಿಸಬೇಕು, ತಮ್ಮನ್ನು ತಾವೇ ಕ್ಷಮಿಸಿಕೊಳ್ಳಬೇಕು, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ವಿಮರ್ಶಕರು ಇದನ್ನು ಪುಸ್ತಕದ ಅಂತಃಸಾಕ್ಷಿ ಎಂದರು. ನಿಧಾನವಾಗಿ ಓದಿ ನೋಡಿ. ಸತ್ತವನು ಯಾರು, ಯಾವ ಕುಲದವನು, ಅವನನ್ನು ಕೊಂದವರು ಯಾರು? ಅವನು ಬರುವುದು ಅಜ್ಜನ ಮನಸ್ಸನ್ನು ಕಲಕುವುದಕ್ಕೆ ಮಾತ್ರ. ಆ ಕೆಲಸ ಮುಗಿದ ಕೂಡಲೇ ಅವನಿಗೆ ಪುಟದಲ್ಲಿ ಜಾಗವಿಲ್ಲ. ತಪ್ಪಿತಸ್ಥನೂ ಬಿಳಿಯ, ಕ್ಷಮಿಸುವವನೂ ಬಿಳಿಯ. ನೆಲ ಕಳೆದುಕೊಂಡವನನ್ನು ಯಾರೂ ಕೇಳುವುದೇ ಇಲ್ಲ. ಇನ್ನೂ ಒಂದು ಮಾತು. ರೈಟ್ ಅಜ್ಜನ ದಿನಚರಿಗಳನ್ನು ಆಧರಿಸಿ ಬರೆದರೂ ನಿರೂಪಣೆ ಕಾದಂಬರಿಯದು. ಹೀಗಾಗಿ ಈ ಪಶ್ಚಾತ್ತಾಪದಲ್ಲಿ ಅಜ್ಜನ ಪಾಲೆಷ್ಟು, ಮೊಮ್ಮಗಳ ಪಾಲೆಷ್ಟು ಎಂದು ಓದುಗರಿಗೆ ತಿಳಿಯುವುದಿಲ್ಲ. ಚೆಲುವಾದ ಗದ್ಯ ಅಜ್ಜನನ್ನು ಬಿಡುಗಡೆ ಮಾಡಿ ಕಳಿಸುತ್ತದೆ.

ಎರಡನೆಯ ಪುಸ್ತಕದಲ್ಲಿ ಆ ಬಿಡುಗಡೆ ಇಲ್ಲ. ಅಲ್ಲಿ ಸತ್ತವರಿಗೆ ಕುಲವಿದೆ, ನೆಲವಿದೆ: ವಾಡ್ಜ ಜನರ ನೀರು, ಬೇಟೆ, ಓಡಾಟದ ದಾರಿಗಳು ದನಗಳ ಕಾಲಡಿ ಹಾಳಾದ ಬಗೆ ಕಾಣುತ್ತದೆ. 1857ರಲ್ಲಿ ಡಾಸನ್ ನದಿಯ ಸೀಮೆಯ ಹಾರ್ನೆಟ್ ಬ್ಯಾಂಕ್‌ನಲ್ಲಿ 11 ಮಂದಿ ಬಿಳಿಯರು ಹತರಾದ ಮೇಲೆ ವಲಸೆಗಾರರೂ ಬಿಳಿಯ ಅಧಿಕಾರಿಗಳ ಕೈಕೆಳಗಿನ ಮೂಲನಿವಾಸಿ ಪಡೆಯಾದ ನೇಟಿವ್ ಪೊಲೀಸರೂ ಇಮಾನ್ ಜನರನ್ನು ಹುಡುಕಿ ಹುಡುಕಿ ಕೊಂದರು. ಅದೇ ಸೀಮೆಗೆ ಮುಂದೆ ಆಲ್ಬರ್ಟ್ ಬರುತ್ತಾನೆ. ಅವನು ಬರುವ ಹೊತ್ತಿಗೆ ಆ ಹುಲ್ಲುಗಾವಲು ಹೇಗೆ ಖಾಲಿಯಾಯಿತು ಎಂಬುದು ನಮಗೆ ಗೊತ್ತಿರುತ್ತದೆ.

ಈ ಪುಸ್ತಕ ಒಣಕಲು, ಚಳವಳಿ ರೈಟ್ ಅವರೊಳಗಿನ ಕವಿಯನ್ನು ನುಂಗಿತು ಎನ್ನುವವರಿದ್ದಾರೆ. 1979ರಲ್ಲಿ ಮೂಲನಿವಾಸಿಗಳೊಡನೆ ಒಪ್ಪಂದಕ್ಕಾಗಿ ಹುಟ್ಟಿದ ಸಮಿತಿಯಲ್ಲಿ ಅವರು ದುಡಿದದ್ದು ನಿಜ. ಆದರೆ ಇಲ್ಲಿ ಕವಿ ಮಾತನ್ನು ಬಿಗಿಹಿಡಿದದ್ದು ಬೇಕೆಂದೇ. ಕೊಲೆಗಳ ದಾಖಲೆಗೆ ಉಪಮೆ ಹಚ್ಚದ ಆ ಸಂಯಮವನ್ನು ಕೊರತೆ ಎನ್ನುವುದು ಓದಿನ ಸೋಮಾರಿತನ.

2005ರಲ್ಲಿ ಕೇಟ್ ಗ್ರೆನ್‌ವಿಲ್ ತಮ್ಮ ಪೂರ್ವಜ ಸಾಲೊಮನ್ ವೈಸ್‌ಮನ್‌ನ ಬದುಕಿನಿಂದ ‘ದಿ ಸೀಕ್ರೆಟ್ ರಿವರ್’ ಕಾದಂಬರಿ ಕಟ್ಟಿದಾಗ, ಇಂಗಾ ಕ್ಲೆಂಡಿನನ್, ಮಾರ್ಕ್ ಮೆಕೆನ್ನಾರಂಥ ಇತಿಹಾಸಕಾರರು ಹರಿಹಾಯ್ದರು. ಗತಕಾಲ ಕಾದಂಬರಿಕಾರರದೋ ಇತಿಹಾಸಕಾರರದೋ ಎಂಬ ಜಗಳ ಜೋರಾಯಿತು. ಆ ಹಕ್ಕುಸಾಧನೆಯೇ ನನಗೆ ಅಸಹನೀಯ. ಒಬ್ಬರೇ ಲೇಖಕಿ ಒಂದೇ ಮನೆತನವನ್ನು ಎರಡೂ ಬಗೆಯಲ್ಲಿ ಬರೆದು ತೋರಿಸಿ ಆಗಲೇ 24 ವರ್ಷವಾಗಿತ್ತು. ಕಲ್ಪನೆ ಎಲ್ಲಿ ಜಾರಿತು, ದಾಖಲೆ ಎಲ್ಲಿ ಗಟ್ಟಿಯಾಗಿ ನಿಂತಿತು ಎಂಬುದು ಆ ಎರಡು ಪುಸ್ತಕಗಳನ್ನು ಎದುರುಬದುರು ಇಟ್ಟರೆ ತಿಳಿಯುತ್ತದೆ.

ರೈಟ್ ಅವರ ಗದ್ಯದ ಶಿಖರ ‘ದಿ ಕ್ರೈ ಫಾರ್ ದ ಡೆಡ್’. ಎರಡರಲ್ಲಿ ಒಂದನ್ನೇ ಓದಲು ಬಿಡುವಿದ್ದರೆ ಅದನ್ನೇ ಓದಿ.