ಕೆರೆ ಏರಿಯ ಮೇಲೆ ಡಿಫ್ ಲಾಕ್

ಮಳೆಗಾಲದಲ್ಲಿ ಪಿಕಪ್ ಓಡಿಸುವವರಿಗೆ ಎರಡೂ ಹಿಂಚಕ್ರಗಳನ್ನು ಒಂದಾಗಿ ತಿರುಗಿಸುವ ಡಿಫ್ ಲಾಕ್‌ಗಿಂತ ದೊಡ್ಡ ರಕ್ಷೆ ಇಲ್ಲ ಎಂಬ ಮಾತು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆ ಬಹುಮಟ್ಟಿಗೆ ಸತ್ಯವೆಂದೇ ಓಡಾಡುತ್ತಿದೆ. ತೋಟದಿಂದ ಟಾರು ರಸ್ತೆವರೆಗಿನ ಕೆಮ್ಮಣ್ಣಿನ ದಾರಿಯಲ್ಲಿ ಗಾಡಿ ಹೂತುಕೊಂಡಾಗಲೆಲ್ಲ ‘ಇದಕ್ಕೂ ಟ್ರ್ಯಾಕ್ಟರಿನ ಹಾಗೆ ಲಾಕ್ ಇದ್ದಿದ್ದರೆ’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಥಾರ್, ಗೂರ್ಖಾ, ಹೈಲಕ್ಸ್ ಕೊಂಡವರು ತಮ್ಮ ಗಾಡಿಯ ಲಾಕನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಸರಕು ಸಾಗಿಸುವ ಮಾಮೂಲಿ ಪಿಕಪ್‌ಗೂ ಹೊರಗಿನಿಂದ ಲಾಕರ್ ತಂದು ಹಾಕಿಸೋಣ, ಇಲ್ಲದಿದ್ದರೆ ಹಿಂದಿನ ಆ್ಯಕ್ಸಲ್ಲಿನ ಹೌಸಿಂಗ್ ಬಿಚ್ಚಿ ಒಳಗಿನ ಗಿಯರುಗಳನ್ನೇ ವೆಲ್ಡ್ ಮಾಡಿಸಿಬಿಡೋಣ ಎನ್ನುವಷ್ಟು ದೂರ ಈ ನಂಬಿಕೆ ಹೋಗುತ್ತದೆ.

ನಾನು ಇದನ್ನು ಒಪ್ಪುವುದಿಲ್ಲ. ಹೂತ ಗಾಡಿಯನ್ನು ಮೇಲೆತ್ತಲು ಲಾಕ್ ಒಳ್ಳೆಯ ಸಾಧನ. ಜಾರುವ ಗಾಡಿಯನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ನಮ್ಮ ಜಿಲ್ಲೆಯ ದಾರಿಗಳಲ್ಲಂತೂ ಎಷ್ಟೋ ಕಡೆ ಅದು ಜಾರುವಿಕೆಯನ್ನು ಹೆಚ್ಚಿಸುತ್ತದೆ. ಈ ಎರಡು ಕೆಲಸಗಳನ್ನು ಒಂದೇ ಎಂದು ತಿಳಿದಿರುವುದೇ ಅಪಾಯದ ಮೂಲ.

ಮೊದಲು ಡಿಫರೆನ್ಷಿಯಲ್ ಏನು ಮಾಡುತ್ತದೆ ನೋಡೋಣ. ಫ್ರಾನ್ಸಿನ ಓನೆಸಿಫೋರ್ ಪೆಕರ್ 1827ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಮುಂದಿದ್ದ ಸಮಸ್ಯೆ ತಿರುವಿನದು. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಓಡಬೇಕು, ಒಳಚಕ್ರ ಕಡಿಮೆ. ಎರಡು ಚಕ್ರಗಳ ನಡುವೆ 1.4 ಮೀಟರ್ ಅಂತರವಿದ್ದರೆ, ಗಾಡಿ ಬಲಕ್ಕೋ ಎಡಕ್ಕೋ ಕಾಲು ಸುತ್ತು ಹೊರಳುವಷ್ಟರಲ್ಲಿ ಹೊರಚಕ್ರ 2.2 ಮೀಟರ್ ಹೆಚ್ಚು ಉರುಳಿರುತ್ತದೆ. ಆ ವ್ಯತ್ಯಾಸಕ್ಕೆ ಎಡೆ ಕೊಡುವುದು ಡಿಫರೆನ್ಷಿಯಲ್. ಬದಲಿಗೆ ಅದು ಒಂದು ಷರತ್ತು ಹಾಕುತ್ತದೆ: ಎರಡು ಚಕ್ರಗಳಿಗೂ ಸಿಗುವ ತಿರುಚುಬಲ ಯಾವಾಗಲೂ ಸಮ. ಜೋಡೆತ್ತಿನ ಬಂಡಿಯಲ್ಲಿ ನೊಗ ಮೂಕಿಗೆ ನಡುವಿನಲ್ಲಿ ಮಾತ್ರ ಕಟ್ಟಿರುತ್ತದಲ್ಲ, ಹಾಗೆ. ಒಂದು ಎತ್ತು ಸೋತರೆ ನೊಗ ಆ ಕಡೆ ಹಿಂದಕ್ಕೆ ಹೊರಳುತ್ತದೆಯೇ ಹೊರತು ಇನ್ನೊಂದರ ಬಲ ಬಂಡಿಗೆ ಮುಟ್ಟುವುದಿಲ್ಲ. ಸೋತ ಎತ್ತು ಎಷ್ಟು ಎಳೆಯಬಲ್ಲದೋ ಅದರ ಎರಡರಷ್ಟೇ ಬಂಡಿಯ ಪಾಲು. ಲಾಕ್ ಹಾಕುವುದೆಂದರೆ ನೊಗವನ್ನು ಮೂಕಿಗೆ ಅಲ್ಲಾಡದಂತೆ ಬಿಗಿದುಬಿಡುವುದು.

ಇದರ ಲಾಭ ನಿಜ, ಮತ್ತು ದೊಡ್ಡದು. ಲೆಕ್ಕಕ್ಕೆ ಇಟ್ಟುಕೊಳ್ಳೋಣ: ಖಾಲಿ ಪಿಕಪ್ 1700 ಕೆ.ಜಿ., ಅದರಲ್ಲಿ 700 ಕೆ.ಜಿ. ಹಿಂದಿನ ಚಕ್ರಗಳ ಮೇಲೆ. ಎಡಚಕ್ರ ನೆನೆದ ಜೇಡಿಯಲ್ಲಿದೆ, ಅಲ್ಲಿ ಹಿಡಿತ ತೂಕದ ನೂರಕ್ಕೆ 15. ಬಲಚಕ್ರ ಗರಸಿನ ಮೇಲಿದೆ, ನೂರಕ್ಕೆ 50. ಲಾಕ್ ಇಲ್ಲದಿದ್ದರೆ ಎಡಚಕ್ರದ 52 ಕೆ.ಜಿ. ಎಳೆತವೇ ಬಲಚಕ್ರಕ್ಕೂ ಮಿತಿ, ಒಟ್ಟು 105. ಲಾಕ್ ಹಾಕಿದರೆ 227. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಿಣ್ಣೆಗೆ ಕಡಿಮೆಯೆಂದರೂ 170 ಬೇಕು. ಲಾಕ್ ಇಲ್ಲದ ಗಾಡಿ ನಿಂತಲ್ಲೇ ಚಕ್ರ ತಿರುಗಿಸಿಕೊಂಡು ಗುಂಡಿ ತೋಡುತ್ತದೆ, ಲಾಕ್ ಇರುವ ಗಾಡಿ ಹತ್ತಿ ಹೋಗುತ್ತದೆ. ನಂಬಿಕೆ ಹುಟ್ಟಿದ್ದು ಈ ದೃಶ್ಯದಿಂದ, ಇದನ್ನು ಕಂಡವರನ್ನು ನಾನು ದೂರುವುದಿಲ್ಲ.

ಆದರೆ ಅದೇ ಲೆಕ್ಕದಲ್ಲಿ ಎರಡೂ ಚಕ್ರಗಳನ್ನು ಜೇಡಿಗೆ ಇಳಿಸಿ. ಲಾಕ್ ಇಲ್ಲದೆ 105, ಲಾಕ್ ಹಾಕಿದರೂ 105. ಲಾಕ್ ಹಿಡಿತವನ್ನು ಹುಟ್ಟಿಸುವುದಿಲ್ಲ. ಒಂದು ಕಡೆ ಇದ್ದು ಬಳಕೆಯಾಗದೆ ಉಳಿದಿದ್ದನ್ನು ಬಳಕೆಗೆ ತರುತ್ತದೆ, ಅಷ್ಟೆ. ಕೆರೆಯಂಗಳದಿಂದ ಗೋಡು ಹೊಡೆಯುವಾಗ, ಬೋರ್‌ವೆಲ್ ನೀರು ಹರಿದು ಗದ್ದೆಯಂತಾದ ತೋಟದ ಬದಿಯಲ್ಲಿ, ಸೆಪ್ಟೆಂಬರ್–ಅಕ್ಟೋಬರಿನ ಜೋರು ಮಳೆ ಬಿದ್ದ ಮರುದಿನ ಕೆಮ್ಮಣ್ಣಿನ ದಾರಿಯಲ್ಲಿ ಎರಡೂ ಕಡೆ ಒಂದೇ ಜಾರು. ಅಲ್ಲಿ ಲಾಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇಷ್ಟೇ ಆಗಿದ್ದರೆ ಈ ಮಾತು ಎತ್ತುವ ಅಗತ್ಯವಿರಲಿಲ್ಲ. ಉಪಯೋಗಕ್ಕೆ ಬಾರದ ಕಡೆ ಅದು ಸುಮ್ಮನಿರುವುದಿಲ್ಲ, ಕೇಡು ಮಾಡುತ್ತದೆ. ಟೈರಿಗೆ ನೆಲದ ಮೇಲೆ ಇರುವ ಹಿಡಿತ ಒಂದೇ. ಮುಂದೆ ನೂಕಲು ಅದನ್ನು ಖರ್ಚು ಮಾಡಿದರೆ ಅಡ್ಡಕ್ಕೆ ಜಾರದಂತೆ ತಡೆಯಲು ಉಳಿಯುವುದು ಕಡಿಮೆ. ಗಿರಗಿರ ತಿರುಗುತ್ತಿರುವ ಚಕ್ರಕ್ಕೆ ಅಡ್ಡ ಹಿಡಿತ ಹೆಚ್ಚುಕಡಿಮೆ ಇಲ್ಲ. ಲಾಕ್ ಇಲ್ಲದ ಗಾಡಿಯಲ್ಲಿ ಒಂದು ಚಕ್ರ ಬರಿದೆ ತಿರುಗುವಾಗ ಇನ್ನೊಂದು ನೆಲ ಕಚ್ಚಿಕೊಂಡೇ ಇರುತ್ತದೆ. ಗಾಡಿ ಮುಂದೆ ಹೋಗದೆ ಇರಬಹುದು, ಆದರೆ ಆ ಚಕ್ರ ಹಿಂಬದಿಯನ್ನು ಅದರ ಜಾಗದಲ್ಲಿ ಹಿಡಿದಿಟ್ಟಿರುತ್ತದೆ. ಲಾಕ್ ಹಾಕಿದಾಗ ಎರಡೂ ಒಟ್ಟಿಗೆ ಬಿಡುತ್ತವೆ, ಹಿಂಬದಿಯನ್ನು ಕಾಯುವವರೇ ಇರುವುದಿಲ್ಲ. ನೆಲ ಯಾವ ಕಡೆ ವಾಲಿದೆಯೋ ಆ ಕಡೆ ಬಾಲ ಇಳಿಯುತ್ತದೆ.

ಈಗ ನಮ್ಮ ದಾರಿಗಳನ್ನು ನೆನೆಸಿಕೊಳ್ಳಿ. ಬೆಂಗಳೂರು ಗ್ರಾಮಾಂತರದಲ್ಲಿ ಊರಿಂದೂರಿಗೆ ಹೋಗುವ ದಾರಿ ಎಷ್ಟು ಕಡೆ ಕೆರೆ ಏರಿಯ ಮೇಲೆ ಹಾದುಹೋಗುತ್ತದೆ! ಕಿರಿದಾದ ಏರಿ, ಒಂದು ಬದಿ ನೀರು, ಇನ್ನೊಂದು ಬದಿ ಅಚ್ಚುಕಟ್ಟಿಗೆ ಇಳಿಯುವ ಇಳಿಜಾರು. ಎಷ್ಟೋ ಕಡೆ ತಡೆಗಲ್ಲೂ ಇಲ್ಲ. ಮಳೆನೀರು ಹರಿದುಹೋಗಲಿ ಎಂದು ನಡು ಎತ್ತರ, ಅಂಚು ತಗ್ಗು. ಎದುರಿಗೆ ಟ್ರ್ಯಾಕ್ಟರ್ ಬಂದರೆ ಎಡಕ್ಕೆ ಸರಿಯಲೇಬೇಕು, ಸರಿದ ಕೂಡಲೇ ಗಾಡಿ ಅಂಚಿನ ಕಡೆ ವಾಲುತ್ತದೆ. ಮೇಲ್ಬದಿಯ ಚಕ್ರ ಹಗುರಾಗುತ್ತದೆ, ಕೆಳಬದಿಯ ಚಕ್ರದ ಮೇಲೆ ಭಾರ ಬೀಳುತ್ತದೆ. ಲಾಕ್ ಇಲ್ಲದಿದ್ದರೆ ಹಗುರಾದ ಚಕ್ರ ತಿರುಗಿ ಗಾಡಿ ಅಲ್ಲೇ ನಿಲ್ಲುತ್ತದೆ. ಚಾಲಕ ಬೈದುಕೊಂಡು ಇಳಿದು ಚಕ್ರದಡಿ ಕಲ್ಲು, ಸೊಪ್ಪು ಹಾಕುತ್ತಾನೆ. ಲಾಕ್ ಇದ್ದು ಕಾಲು ಆಕ್ಸಿಲರೇಟರ್ ಮೇಲೆ ಬಿದ್ದರೆ ಕೆಳಬದಿಯ ಚಕ್ರವೂ ಬಿಟ್ಟುಕೊಡುತ್ತದೆ, ಹಿಂಬದಿ ನೀರಿನ ಕಡೆ ಹೋಗುತ್ತದೆ. ಗಾಡಿ ನಿಂತುಹೋಗುವುದನ್ನು ನಾವು ಸೋಲು ಎಂದು ತಿಳಿದಿದ್ದೇವೆ. ಏರಿಯ ಮೇಲೆ ಅದೇ ಜೀವ ಉಳಿಸುವ ಘಟನೆ.

ಟಾರು ರಸ್ತೆಯ ಮಾತು ಬೇರೆಯಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಬರುವ ರಾಷ್ಟ್ರೀಯ ಹೆದ್ದಾರಿ 648ಕ್ಕೆ ಎರಡೂ ಬದಿಯಿಂದ ಮಣ್ಣಿನ ದಾರಿಗಳು ಸೇರುತ್ತವೆ. ಟಿಪ್ಪರು, ಟ್ರ್ಯಾಕ್ಟರುಗಳ ಟೈರಿಗೆ ಮೆತ್ತಿ ಬಂದ ಕೆಸರು ಅಲ್ಲಿ ತೆಳುವಾಗಿ ಹರಡಿಕೊಂಡಿರುತ್ತದೆ. ತೋಟದ ಕೆಸರು ದಾಟಲು ಲಾಕ್ ಹಾಕಿದವನು ತೆಗೆಯುವುದನ್ನು ಮರೆತು ಹೆದ್ದಾರಿಗೆ ತಿರುಗಿದ ಎನ್ನಿ. ಒಂದೇ ವೇಗದಲ್ಲಿ ಉರುಳುವ ಎರಡು ಹಿಂಚಕ್ರಗಳು ಗಾಡಿಯನ್ನು ನೇರಕ್ಕೇ ತಳ್ಳುತ್ತವೆ, ಸ್ಟೇರಿಂಗ್ ತಿರುಗಿಸಿದರೂ ಮೂತಿ ಬರುವುದಿಲ್ಲ. ಇನ್ನಷ್ಟು ತಿರುಗಿಸಿದಾಗ ಹಿಂಚಕ್ರಗಳು ಒಮ್ಮೆಲೇ ಜಾರಿ ಬಾಲ ಹೊರಕ್ಕೆ ಬೀಸುತ್ತದೆ. ಒಣ ರಸ್ತೆಯಲ್ಲಾದರೆ ಟೈರು ಉಜ್ಜಿ, ಆ್ಯಕ್ಸಲ್ ಶಾಫ್ಟ್ ಮೇಲೆ ಒತ್ತಡ ಬಿದ್ದು ಗಾಡಿಯೇ ಕೂಗಿ ಹೇಳುತ್ತದೆ. ಒದ್ದೆಯಲ್ಲಿ ಆ ಎಚ್ಚರಿಕೆಯೂ ಇಲ್ಲ. ವೆಲ್ಡ್ ಮಾಡಿಸಿದವರಿಗಂತೂ ಲಾಕ್ ತೆಗೆಯುವ ದಾರಿಯೇ ಇಲ್ಲ, ವರ್ಷವಿಡೀ ಪ್ರತಿ ತಿರುವಿನಲ್ಲೂ ಇದೇ ಪಾಡು. ಸರಕು ಹೊತ್ತು ಜನರ ನಡುವೆ ಓಡಾಡುವ ಗಾಡಿಗೆ ಯಾವ ಮೆಕ್ಯಾನಿಕ್ಕೂ ಆ ಕೆಲಸ ಮಾಡಿಕೊಡಬಾರದು.

ಹಾಗಾದರೆ ಟ್ರ್ಯಾಕ್ಟರಿನಲ್ಲಿ ಇಷ್ಟು ಕಾಲ ಹೇಗೆ ನಡೆಯಿತು? ಟ್ರ್ಯಾಕ್ಟರಿನಲ್ಲಿ ಡಿಫ್ ಲಾಕ್ ಸಾಮಾನ್ಯವಾಗಿ ಕಾಲಿನ ಪೆಡಲ್ಲು. ಒತ್ತಿರುವಷ್ಟು ಹೊತ್ತು ಲಾಕ್, ಕಾಲು ತೆಗೆದು ಚಕ್ರಗಳ ಬಿಗಿ ಸಡಿಲಿದ ಕೂಡಲೇ ಸ್ಪ್ರಿಂಗ್ ಅದನ್ನು ಬಿಡಿಸುತ್ತದೆ. ಮರೆಯುವ ಪ್ರಶ್ನೆ ಬರುವುದಿಲ್ಲ. ವೇಗ ನಡಿಗೆಯಷ್ಟು, ಹೊಲದಲ್ಲಿ ಜಾರಿದರೆ ಇರುವುದು ಹೊಲವೇ, ಟೈರಿನ ಗಟ್ಟೆಗಳು ನೆಲವನ್ನು ಅಗೆದು ಹಿಡಿಯುವಷ್ಟು ಎತ್ತರ. ಪಿಕಪ್‌ಗೆ ಬರುವುದು ಒತ್ತಿದರೆ ಹಾಗೇ ಉಳಿಯುವ ಸ್ವಿಚ್ಚು. ಹೆಸರು ಒಂದೇ ಆದರೂ ಬಳಕೆಯ ಲೋಕ ಬೇರೆ. ಟ್ರ್ಯಾಕ್ಟರಿನ ಅನುಭವ ಸುಳ್ಳಲ್ಲ, ಅದನ್ನು ಗಂಟೆಗೆ 40 ಕಿಲೋಮೀಟರ್ ಓಡುವ ಗಾಡಿಗೆ ಹೊರಿಸಿದ್ದು ತಪ್ಪು.

ಟ್ರ್ಯಾಕ್ಟರಿನಿಂದಲೇ ಬಂದ ಇನ್ನೊಂದು ನಂಬಿಕೆಯನ್ನೂ ಇಲ್ಲಿ ಹೇಳಬೇಕು. ಚಕ್ರ ಬರಿದೆ ತಿರುಗುವಾಗ ಹ್ಯಾಂಡ್ ಬ್ರೇಕ್ ಸ್ವಲ್ಪ ಎಳೆದರೆ ಬಲ ಇನ್ನೊಂದು ಚಕ್ರಕ್ಕೆ ಹೋಗುತ್ತದೆ ಎಂದು ಹಳೆಯ ಚಾಲಕರು ಕಲಿಸಿಕೊಡುತ್ತಾರೆ. ಟ್ರ್ಯಾಕ್ಟರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಇದೆ. ತಿರುಗುತ್ತಿರುವ ಚಕ್ರವನ್ನು ಮಾತ್ರ ತಡೆದರೆ ಬಲ ಖಂಡಿತ ಮತ್ತೊಂದಕ್ಕೆ ಹೋಗುತ್ತದೆ. ಹೊಸ ಗಾಡಿಗಳ ಟ್ರ್ಯಾಕ್ಷನ್ ಕಂಟ್ರೋಲ್ ಎಲೆಕ್ಟ್ರಾನಿಕ್ಸ್ ಮೂಲಕ ಮಾಡುವುದೂ ಇದನ್ನೇ. ಪಿಕಪ್ಪಿನ ಹ್ಯಾಂಡ್ ಬ್ರೇಕ್ ಹಿಂದಿನ ಎರಡೂ ಚಕ್ರಗಳನ್ನು ಸಮವಾಗಿ ಹಿಡಿಯುತ್ತದೆ. ತಿರುಗುವ ಚಕ್ರವನ್ನು ತಡೆದು ಗಳಿಸಿದ್ದನ್ನು ನಿಂತ ಚಕ್ರದ ಬ್ರೇಕು ನುಂಗಿಬಿಡುತ್ತದೆ. ಚಕ್ರದ ಓಟ ಸ್ವಲ್ಪ ತಗ್ಗಿ ಗುಂಡಿ ಆಳವಾಗುವುದು ತಪ್ಪಬಹುದು. ಅದಕ್ಕಿಂತ ಹೆಚ್ಚಿನ ಲಾಭ ಲೆಕ್ಕದಲ್ಲಿ ಸಿಗುವುದಿಲ್ಲ.

ಲಾಕ್ ತಯಾರಿಸಿದವರು ಸ್ವತಃ ಏನು ಯೋಚಿಸಿದ್ದರು ಎಂಬುದನ್ನು ಅವರ ಯಂತ್ರವೇ ಹೇಳುತ್ತದೆ. ಈಟನ್ ಕಂಪನಿ 1970ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಪಿಕಪ್‌ಗಳಿಗೆ ಕೊಟ್ಟ ಲಾಕರ್ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ತಾನಾಗಿ ಕಚ್ಚಿಕೊಳ್ಳುತ್ತದೆ. ಗಾಡಿ ಗಂಟೆಗೆ ಸುಮಾರು 30 ಕಿ.ಮೀ. ವೇಗ ದಾಟಿದ್ದರೆ ಕಚ್ಚುವುದೇ ಇಲ್ಲ, ತಡೆಯಲು ಒಳಗೆ ಬೇರೊಂದು ಭಾಗವನ್ನೇ ಇಟ್ಟಿದ್ದಾರೆ. ಮಹೀಂದ್ರ 2015ರಲ್ಲಿ ಥಾರ್‌ಗೆ ಹಾಕಿದ ಮೆಕ್ಯಾನಿಕಲ್ ಲಾಕರ್ ಇದೇ ಕುಲದ್ದು. ಹಿಮ ಬೀಳುವ ನಾಡಿನಲ್ಲಿ ಇಷ್ಟು ವರ್ಷ ಬಳಸಿದ ಮೇಲೂ ಅಲ್ಲಿನ ಪಿಕಪ್ ಮಾಲೀಕರು ಚಳಿಗಾಲ ಬಂದರೆ ಹಿಂದಿನ ತೊಟ್ಟಿಯಲ್ಲಿ ಮರಳಿನ ಮೂಟೆ ಹೇರಿಕೊಳ್ಳುತ್ತಾರೆ.

ಆ ಮರಳಿನ ಮೂಟೆಯಲ್ಲಿ ನಮಗೆ ಬೇಕಾದ ಉತ್ತರವಿದೆ. ಪಿಕಪ್ಪಿನ ಲೀಫ್ ಸ್ಪ್ರಿಂಗುಗಳನ್ನು ಒಂದೂವರೆ ಟನ್ ಹೊರಲೆಂದು ಕಟ್ಟಿರುತ್ತಾರೆ. ಖಾಲಿಯಿದ್ದಾಗ ಅವು ಬಗ್ಗುವುದಿಲ್ಲ. ಹಿಂಚಕ್ರ ಪ್ರತಿ ಹಳ್ಳದಲ್ಲೂ ನೆಲ ಬಿಟ್ಟು ಕುಪ್ಪಳಿಸುತ್ತದೆ. ಲೋಡಿಗೆಂದು ತುಂಬಿದ ಗಾಳಿಯಲ್ಲಿ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಮೇಲಿನ ಲೆಕ್ಕಕ್ಕೇ 500 ಕೆ.ಜಿ.ಯನ್ನು ಸರಿಯಾಗಿ ಹಿಂದಿನ ಹೌಸಿಂಗಿನ ಮೇಲೆ ಬರುವಂತೆ ಹೇರಿ ನೋಡಿ: ಎರಡೂ ಚಕ್ರ ಜೇಡಿಯಲ್ಲಿದ್ದಾಗ ಗಾಡಿ ಏರಬಲ್ಲ ದಿಣ್ಣೆ ನೂರಕ್ಕೆ 6ರಿಂದ 8ಕ್ಕೆ ಹೋಗುತ್ತದೆ. ಲಾಕ್ ಒಂದಿಷ್ಟೂ ನೆರವಾಗದ ಜಾಗದಲ್ಲಿ ತೂಕ ನೆರವಾಯಿತು, ಅದೂ ಅಡ್ಡ ಹಿಡಿತವನ್ನು ಕಳೆಯದೆ. ದಸರಾ, ದೀಪಾವಳಿಯ ಸೇವಂತಿಗೆ ಹೊತ್ತು ನಡುರಾತ್ರಿ ಕೆ.ಆರ್. ಮಾರುಕಟ್ಟೆಗೆ ಓಡುವ ಗಾಡಿಗಳ ಬಗ್ಗೆ ನನಗೆ ಹೆಚ್ಚು ಆತಂಕ. ಹೂವಿನ ಲೋಡು ನೋಡಲು ತೊಟ್ಟಿ ತುಂಬ, ತೂಕದಲ್ಲಿ ಏನೂ ಇಲ್ಲ. ಮಳೆ ಮುಗಿಯದ ತಿಂಗಳು, ಮಾರುಕಟ್ಟೆ ಹಿಡಿಯುವ ಅವಸರ, ಕತ್ತಲು. ಈ ಗಾಡಿಗಳ ತೊಟ್ಟಿಯ ತಳದಲ್ಲಿ ಹೌಸಿಂಗಿನ ನೇರಕ್ಕೆ ನಾಲ್ಕು ಮೂಟೆ ಮರಳನ್ನು ಜಾರದಂತೆ ಕಟ್ಟಿ ಹಾಕುವುದು ಯಾವ ಲಾಕ್‌ಗಿಂತಲೂ ಮೇಲು.

ಟೈರಿನ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಕಾನೂನು 1.6 ಮಿ.ಮೀ. ಗಟ್ಟೆ ಸಾಕೆನ್ನುತ್ತದೆ, ಕೆಮ್ಮಣ್ಣಿಗೆ ಅದು ಸಾಲದು. ಗಾಡಿ ಮಾಲೀಕರು ಒಳ್ಳೆಯ ಟೈರನ್ನು ಮುಂದಕ್ಕೂ ಸವೆದದ್ದನ್ನು, ರೀಸೋಲ್ ಮಾಡಿಸಿದ್ದನ್ನು ಹಿಂದಕ್ಕೂ ಹಾಕುವ ರೂಢಿ ಇದೆ. ಎಳೆಯುವುದೂ ಹಿಂಚಕ್ರ, ಜಾರಿದರೆ ಗಾಡಿಯನ್ನು ತಿರುಗಿಸಿಬಿಡುವುದೂ ಹಿಂಚಕ್ರ. ಲಾಕರಿಗೆಂದು ಕೂಡಿಟ್ಟ ಹಣ ಮೊದಲು ಅಲ್ಲಿಗೆ ಹೋಗಲಿ.

ಲಾಕನ್ನು ಬೇಡವೆನ್ನಲು ನಾನು ಬರೆಯುತ್ತಿಲ್ಲ. ಒಂದು ಚಕ್ರ ಚರಂಡಿಗೆ ಇಳಿದು ಇನ್ನೊಂದು ಗಟ್ಟಿ ನೆಲದಲ್ಲಿ ಉಳಿದಾಗ, ಬದು ದಾಟುವಾಗ ಒಂದು ಚಕ್ರ ಗಾಳಿಯಲ್ಲಿ ತೂಗಿದಾಗ ಅದಕ್ಕೆ ಸಾಟಿ ಇಲ್ಲ. ನಿಂತಿರುವಾಗಲೇ ಹಾಕಬೇಕು, ಸ್ಟೇರಿಂಗ್ ನೇರ ಇಟ್ಟು ನಡಿಗೆಯ ವೇಗದಲ್ಲಿ ಆ ನಾಲ್ಕು ಮಾರು ದಾಟಿ ಅಲ್ಲೇ ತೆಗೆಯಬೇಕು. ಇಳಿಜಾರಿನಲ್ಲಿ ಲಾಕ್ ಹಾಕಿದರೆ ಎಂಜಿನ್ ಎರಡೂ ಚಕ್ರಗಳನ್ನು ಸಮವಾಗಿ ಹಿಡಿದು ಗಾಡಿ ನೇರ ಇಳಿಯುತ್ತದೆ ಎಂದು ವಾದಿಸುವವರಿದ್ದಾರೆ. ನೇರ, ವಾಲದ ಇಳಿಜಾರಿನಲ್ಲಿ ಅದು ಸರಿ. ಶಿವಗಂಗೆಯ ಸುತ್ತ, ಮಾಕಳಿದುರ್ಗದ ತಪ್ಪಲಲ್ಲಿ ಅಂಥ ನೇರ ಇಳಿಜಾರು ಎಷ್ಟಿವೆ? ಬಹುತೇಕ ಒಂದು ಕಡೆ ವಾಲಿ, ಕೊನೆಗೆ ತಿರುಗುವ ದಾರಿಗಳೇ.

ಸರಕು ಪಿಕಪ್‌ಗಳಿಗೆ ಕಂಪನಿಗಳು ಲಾಕ್ ತರುವುದಾದರೆ ತರಲಿ. ಆದರೆ ಅದು ಒತ್ತಿ ಮರೆಯುವ ಸ್ವಿಚ್ಚಾಗಿ ಬರಬಾರದು. ಟ್ರ್ಯಾಕ್ಟರಿನಂತೆ ಒತ್ತಿಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವಂತೆ, ಗಂಟೆಗೆ 15 ಕಿ.ಮೀ. ದಾಟಿದ ಕೂಡಲೇ ತಾನೇ ಬಿಡುವಂತೆ ಇರಬೇಕು. ಕೊಳ್ಳುವವರು ಶೋರೂಮಿನಲ್ಲಿ ಲಾಕ್ ಇದೆಯೇ ಎಂದು ಕೇಳಿ ಸುಮ್ಮನಾಗದೆ, ಯಾವ ವೇಗಕ್ಕೆ ಬಿಡುತ್ತದೆ, ಅದು ಬಿದ್ದಿರುವಾಗ ಎಬಿಎಸ್ ಕೆಲಸ ಮಾಡುತ್ತದೆಯೇ ಎಂದು ಕೇಳಬೇಕು. ಈಗಾಗಲೇ ಸ್ವಿಚ್ಚು ಇರುವ ಗಾಡಿಯ ಮಾಲೀಕರು ಚಾಲಕನ ಕೈಗೆ ಕೀಲಿ ಕೊಡುವಾಗ ಒಂದು ಮಾತು ಸ್ಪಷ್ಟವಾಗಿ ಹೇಳಿ ಕಳಿಸಲಿ: ಏರಿ ಹತ್ತುವ ಮುಂಚೆ ಲಾಕ್ ತೆಗೆದಿರಬೇಕು, ಏರಿಯ ಮೇಲೆ ಗಾಡಿ ನಿಂತುಹೋದರೆ ನಿಂತುಹೋಗಲಿ, ಲೋಡು ತಡವಾದರೆ ಬೈಯುವುದಿಲ್ಲ.