ಪೀಠರಚನೆಯಲ್ಲಿ ಔಚಿತ್ಯವಿಚಾರ

ಕಾವ್ಯಕ್ಕೆ ವಿಮರ್ಶೆಯುಂಟು, ಸಂಗೀತಕ್ಕುಂಟು. ನಾವು ನಿತ್ಯವೂ ಕುಳಿತೇಳುವ ಪೀಠಕ್ಕೆ ಏಕಿರಬಾರದು? ಕೆಂಗೇರಿ, ವಿಜಯನಗರ, ರಾಜಾಜಿನಗರಗಳ ಕಡೆ ಗಿರಾಕಿಯ ಇಚ್ಛೆಯಂತೆ ಒಂದೊಂದೇ ಮೇಜನ್ನು ರಚಿಸಿಕೊಡುವ ಕಾರ್ಯಾಗಾರಗಳಿರುವುದರಿಂದ ಈ ಪ್ರಶ್ನೆಯು ಅಪ್ರಸ್ತುತವೆನಿಸದು.

ಇಂತಹ ಮೇಜುಗಳ ಹಲಗೆಯಲ್ಲಿ, ನಡುವೆ ಸಣ್ಣದಾಗಿ ತುದಿಗಳಲ್ಲಿ ಅಗಲವಾದ, ಚಿಟ್ಟೆಯಾಕಾರದ ಮರದ ತುಂಡನ್ನು ಕೂರಿಸಿರುವುದುಂಟು. ಬಂಧವು ಪುರಾತನವಾದುದು, ಈ ಕಾಲದಲ್ಲಿ ಅದಕ್ಕೆ ಪ್ರಸಿದ್ಧಿಯನ್ನು ತಂದವನು ಜಪಾನೀ ವಂಶದ ಅಮೆರಿಕನಾದ ಜಾರ್ಜ್ ನಕಾಶಿಮ (1905–1990). ಈತನು ಪಾಂಡಿಚೇರಿಯಲ್ಲಿ ಅರವಿಂದಾಶ್ರಮದ ಗೋಲ್ಕೊಂಡವೆಂಬ ವಸತಿಗೃಹದ ನಿರ್ಮಾಣದಲ್ಲಿ 1937ರಿಂದ ದುಡಿದು ಸುಂದರಾನಂದನೆಂಬ ನಾಮವನ್ನು ಪಡೆದವನು. 1942ರಲ್ಲಿ ಜಪಾನೀ ವಂಶದವರನ್ನು ಅಮೆರಿಕದ ಸರ್ಕಾರವು ಶಿಬಿರಗಳಲ್ಲಿ ಬಂಧಿಸಿಟ್ಟಾಗ, ಅಲ್ಲಿಯೇ ಜಪಾನೀ ಬಡಗಿಯೊಬ್ಬನಿಂದ ಉಳಿ ಗರಗಸಗಳ ಮರ್ಮವನ್ನು ಕಲಿತನು. ಸೆರೆಯಲ್ಲಿ ಗುರು ದೊರೆಯುವುದು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ!

ಮರವು ಉದ್ದದಲ್ಲಿ ಬಹುಮಟ್ಟಿಗೆ ಬದಲಾಗದು. ಅಡ್ಡದಲ್ಲಿಯಾದರೋ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದು, ಬಿಗಿದರೆ ಸೀಳುವುದು. ಸೀಳಿದ ಹಲಗೆಯನ್ನು ನಕಾಶಿಮನು ಬಿಸುಡಲಿಲ್ಲ. ಬಿರುಕನ್ನು ಮುಚ್ಚಲೂ ಇಲ್ಲ. ಅದು ಮುಂದುವರಿಯದಂತೆ ಚಿಟ್ಟೆಬಂಧದಿಂದ ಹಿಡಿದು ನಿಲ್ಲಿಸಿದನು. ನಮ್ಮ ವರಾಹಮಿಹಿರನು ಬೃಹತ್ಸಂಹಿತೆಯ ಶಯ್ಯಾಸನಲಕ್ಷಣದಲ್ಲಿ ಮಂಚ ಪೀಠಗಳಿಗೆ ಯೋಗ್ಯವಾದ ಮರಗಳನ್ನು ಹೇಳಿ, ಮರದ ರಂಧ್ರಗಳಿಗೆ ಒಂದೊಂದು ಹೆಸರಿಟ್ಟು ದೋಷವೆಂದು ಎಣಿಸಿರುವನು. ಇಬ್ಬರಿಗೂ ವಿರೋಧವಿದೆಯೆಂದು ನಾನು ಒಪ್ಪಲಾರೆ. ದೋಷವನ್ನು ದೋಷವೆಂದರಿತವನೇ ಅದಕ್ಕೆ ಪರಿಹಾರವನ್ನು ಮಾಡಬಲ್ಲನು. ಆ ಪರಿಹಾರವೇ ಮೇಜಿಗೆ ಅಲಂಕಾರವಾಯಿತು.

ನಮ್ಮ ಮೈಸೂರಿನ ಬೀಟೆಮರದ ಕೆಲಸದ ದಾರಿಯೇ ಬೇರೆ. ಕಪ್ಪನೆಯ ಬೀಟೆಯಲ್ಲಿ ತಗ್ಗು ತೆಗೆದು, ಹಿಂದೆ ದಂತವನ್ನೂ, ದಂತವ್ಯಾಪಾರವು ಕಾನೂನಿನಿಂದ ನಿಷಿದ್ಧವಾದ ಮೇಲೆ ಬೇರೆ ವರ್ಣದ ಮರ ಮೊದಲಾದುವನ್ನೂ ಕೂರಿಸಿ ಚಿತ್ರವನ್ನು ತೋರಿಸುವರು. 1912ರಲ್ಲಿ ಪೂರ್ಣವಾದ ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಅದು ಕಣ್ಣಿಗೆ ಹಬ್ಬವೇ ಸರಿ. ಆದರೆ ಅದೇ ಆನೆ ಅಂಬಾರಿಗಳನ್ನು ಊಟದ ಮೇಜಿನ ಮೇಲೆ ಹರಡಿದರೆ, ಬಿಸಿ ಸಾರಿನ ಪಾತ್ರೆಯನ್ನು ಎಲ್ಲಿಡಬೇಕು? ಹಾರವನ್ನು ಸೊಂಟಕ್ಕೆ ಕಟ್ಟಿದವರನ್ನು ಕ್ಷೇಮೇಂದ್ರನು ನಕ್ಕದ್ದು ಇದಕ್ಕೇ.

ಈ ಅಳತೆಗೋಲಿನಿಂದ ನಮ್ಮ ಬಡಾವಣೆಗಳ ಕೆಲಸವನ್ನು ನೋಡಬೇಕು. ಬಿರುಕೇ ಇಲ್ಲದ ಗಟ್ಟಿಹಲಗೆಯಲ್ಲಿ ಚಿಟ್ಟೆಯನ್ನು ಕೂರಿಸುವುದು ಗಾಯವಿಲ್ಲದ ಕೈಗೆ ಪಟ್ಟಿ ಕಟ್ಟಿದಂತೆ. ಎರಡು ಹಲಗೆಗಳ ನಡುವೆ ನೀಲಿಬಣ್ಣದ ರಾಳವನ್ನು ಸುರಿದು ನದಿಯೆನ್ನುವುದಂತೂ ವೃಷಭಾವತಿಯ ನೆರೆಯಲ್ಲಿರುವ ನಮಗೆ ವಿನೋದವಾಗಿಯೇ ತೋರುವುದು. ತಪ್ಪು ಬಡಗಿಯದೊಂದೇ ಅಲ್ಲ. ಗಿರಾಕಿಯು ಚಿತ್ರವನ್ನು ಮುಂದಿಟ್ಟು ಇದರಂತೆಯೇ ಆಗಲೆಂದರೆ, ಹಲಗೆಯನ್ನು ನೋಡಿ ಮೇಜನ್ನು ಕಲ್ಪಿಸುವ ಅಧಿಕಾರವು ಕರ್ತೃವಿನ ಕೈ ತಪ್ಪುವುದು. ಸಮಸ್ಯಾಪೂರಣವೂ ಅಲ್ಲದೆ ಬರಿಯ ಪ್ರತಿಲಿಪಿಯಾಗುವುದು.

ಕೊಳ್ಳುವವರು ಮೇಜಿನ ಮೇಲ್ಭಾಗವನ್ನು ನೋಡಿದ ಮೇಲೆ ಬಗ್ಗಿ ಕೆಳಭಾಗವನ್ನೂ ನೋಡಲಿ. ಹಲಗೆಯು ಉಬ್ಬಿ ಕುಗ್ಗಲು ಅಲ್ಲಿ ಎಡೆಯನ್ನು ಬಿಟ್ಟಿರುವನೇ, ಮೊಳೆ ಹೊಡೆದು ಬಿಗಿದಿರುವನೇ ಎಂಬುದರಿಂದ ಕರ್ತೃವು ಮರವನ್ನು ಎಷ್ಟು ಬಲ್ಲನೆಂದು ಗೊತ್ತಾಗುವುದು.